ಅಪ್ಪನ ಪದ್ಮಿನಿಗೆ ಯಾವ ಎಂಜಿನ್?

ಊರಲ್ಲಿ ನಿಂತಿದ್ದ ಅಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಹೈದರಾಬಾದಿಗೆ ತಂದುಕೊಂಡ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಎಂಜಿನ್ ಕೈಕೊಟ್ಟರೆ ಗ್ಯಾರೇಜಿನಲ್ಲಿ ಬರುವ ಮೊದಲ ಸಲಹೆ, "ಬೇರೆ ಕಾರಿನ ಎಂಜಿನ್ ಕೂರಿಸಿಬಿಡೋಣ ಸಾರ್."

ಒಪ್ಪುವ ಮುನ್ನ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇವೆಲ್ಲ ಸಾಮಾನ್ಯವಾಗಿ ರಿಪೇರಿಯಾಗುವಂಥವು. ಫಿಯೆಟ್ ಮೂಲದ ಈ 1089 ಸಿಸಿ ಎಂಜಿನ್ನನ್ನು ರೀಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಬಿಡಿಭಾಗಗಳ ಹುಡುಕಾಟವನ್ನು ರಾಣಿಗಂಜ್‌ನಿಂದ ಶುರುಮಾಡಿ. ಬ್ಲಾಕೇ ಸೀಳಿದ್ದರೆ ಅದೇ ಮಾದರಿಯ ಇನ್ನೊಂದು ಎಂಜಿನ್ ಹುಡುಕಿ, ರಸೀದಿ ಇಟ್ಟುಕೊಂಡು, ಹೊಸ ನಂಬರನ್ನು ಆರ್‌ಟಿಓದಲ್ಲಿ ಆರ್‌ಸಿಗೆ ಹತ್ತಿಸಿ.

ಬೇರೆ ಕಾರಿನ ಎಂಜಿನ್ ಬಂದರೆ ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್‌ಗಳಿಗೂ ಕೈಹಾಕಬೇಕಾಗುತ್ತದೆ. ವೇಗ ಹೆಚ್ಚಿದರೂ ಬ್ರೇಕ್ ಹಳೆಯದೇ. ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಕಾರಿಗೆ 50 ವರ್ಷ ಆಗಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಪದ್ಮಿನಿ ಹೆಸರು ಬಂದದ್ದೇ 1970ರ ದಶಕದಲ್ಲಿ. ಮೊದಮೊದಲ ಕಾರುಗಳು ಈಗಷ್ಟೇ ಆ ಗಡಿ ಮುಟ್ಟಿವೆ.

ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ನಿಜ. ಆದರೆ ಹೈಟೆಕ್ ಸಿಟಿಯ ಟ್ರಾಫಿಕ್‌ಗೆ ಪದ್ಮಿನಿಯೇ ಬೇಕೆಂದಿಲ್ಲವಲ್ಲ. ಅಪ್ಪನ ಕಾರು ಅಪ್ಪನ ಕಾರಾಗಿಯೇ ಉಳಿಯಬೇಕೆಂದರೆ, ರಿಪೇರಿಗೆ ಮೊದಲ ಅವಕಾಶ ಕೊಡಿ.