ಬರಿದಾಗದ ಹಿಟ್ಟಿನ ಮಡಕೆ

ಡಿಸೆಂಬರ್ ಬಂತೆಂದರೆ ನಿಮ್ಮಲ್ಲಿ ಹಲವರ ಮನೆಯಲ್ಲಿ ಧನುರ್ಮಾಸದ ಹುಗ್ಗಿಯ ಸಿದ್ಧತೆ, ಅಲ್ಲವೇ? ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಅದಕ್ಕೂ ಮುಂಚೆಯೇ ‘ಆಗಮನ ಕಾಲ’ ಶುರುವಾಗಿರುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಈ ಅವಧಿ ಯೇಸುವಿನ ಬರವಿಗಾಗಿ ಕಾಯುವ ಕಾಲ. ಹಸಿರೆಲೆಯ ಬಳೆಯ ನಡುವೆ ನಾಲ್ಕು ಮೇಣದ ಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುತ್ತೇವೆ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೆಯ ವಾರಕ್ಕೆ. ಹಬ್ಬ ಹತ್ತಿರ ಬಂತು, ಸಂತೋಷಪಡಿ ಎಂದು ಅದರ ಅರ್ಥ.

ಕಾಯುವುದೇನೋ ಸರಿ. ಡಬ್ಬಿ ಬರಿದಾಗಿರುವಾಗ ಕಾಯುವುದು ಹೇಗೆ ಸೋದರಿಯರೇ?

2020ರ ಮಾತು ಹೇಳುತ್ತೇನೆ. ನನ್ನವರು ಶಾಲಾ ಮಕ್ಕಳ ವ್ಯಾನ್ ಓಡಿಸುವವರು. ಮಾರ್ಚಿಯಲ್ಲಿ ಕೊರೋನಾ ಎಂದು ಶಾಲೆ ಮುಚ್ಚಿತು. ನವೆಂಬರ್ 29ರಂದು ಆಗಮನದ ಮೊದಲ ಭಾನುವಾರ ಬಂದರೂ ವ್ಯಾನ್ ಅಂಗಳ ಬಿಟ್ಟಿರಲಿಲ್ಲ. ರೇಷನ್ ಅಕ್ಕಿ ಇದ್ದುದರಿಂದ ಗಂಜಿಗೆ ತೊಂದರೆಯಿಲ್ಲ. ಆದರೆ ಕುಸ್ವಾರ್? ಕ್ರಿಸ್ಮಸ್ಸಿಗೆ ನಾವು ಕರಾವಳಿಯವರು ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳಿವು. ಮೈದಾ, ಸಕ್ಕರೆ, ಎಣ್ಣೆ ಎಲ್ಲಕ್ಕೂ ದುಡ್ಡು ಬೇಕು.

“ಅತ್ತೆ, ಈ ಸಲ ಯಾರಿಗೂ ತಟ್ಟೆ ಕಳಿಸೋದು ಬೇಡ. ಮಕ್ಕಳಿಗಾದ್ರೆ ಸಾಕು” ಅಂದೆ.

ಅತ್ತೆ ಬೈಯಲಿಲ್ಲ. ಬೈಬಲಿನ ಸರೆಪ್ತದ ವಿಧವೆಯ ಕಥೆ ನೆನಪಿಸಿದರು. ಬರಗಾಲ. ಆಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಕುಡಿಕೆಯ ತಳದಲ್ಲಿ ಚೂರು ಎಣ್ಣೆ. ಮಗನೊಡನೆ ಅದನ್ನು ತಿಂದು ಸಾಯುವುದೊಂದೇ ಬಾಕಿ. ಆಗ ಬಂದ ಪ್ರವಾದಿ ಎಲೀಯ, ಮೊದಲು ತನಗೊಂದು ಚಿಕ್ಕ ರೊಟ್ಟಿ ಕೇಳಿದ. ಆಕೆ ಕೊಟ್ಟಳು. ಮಳೆ ಬರುವ ತನಕ ಹಿಟ್ಟೂ ಮುಗಿಯಲಿಲ್ಲ, ಎಣ್ಣೆಯೂ ಮುಗಿಯಲಿಲ್ಲ.

“ಮಡಕೆ ತುಂಬಿ ತುಳುಕಿತು ಅಂತ ಕಥೆಯಲ್ಲಿಲ್ಲ ಮಗಾ. ಬರಿದಾಗಲಿಲ್ಲ, ಅಷ್ಟೇ” ಅಂದರು ಅತ್ತೆ.

ಎರಡು ದಿನ ಕಳೆದು ಆಚೆಮನೆ ಅಕ್ಕ ಆರು ತೆಂಗಿನಕಾಯಿ ತಂದು ಜಗಲಿಯಲ್ಲಿಟ್ಟರು. “ಮಕ್ಕಳಿಗೆ ಏನಾದ್ರೂ ಮಾಡು ಮಾರಾಯ್ತಿ, ಮರದಲ್ಲಿ ಆದದ್ದು ತಾನೇ” ಅಂದರು. ನನಗೆ ನಾಚಿಕೆಯಾಯಿತು. ತಟ್ಟೆ ಕಳಿಸುವುದು ಬೇಡ ಎಂದಿದ್ದು ಇವರ ಮನೆಗೂ ಸೇರಿಸಿಯೇ!

ಒಂದೇ ಕಿಲೋ ಮೈದಾ ತಂದೆ. ತೆಂಗಿನಹಾಲಿನಲ್ಲಿ ಕಲಸಿ, ಚಿಕ್ಕ ಉಂಡೆಗಳನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ ತಯಾರು. ಆ ವರ್ಷ ಅದೊಂದೇ ತಿಂಡಿ. ಮೊದಲ ತಟ್ಟೆ ಆಚೆಮನೆಗೆ ಹೋಯಿತು.

ಪವಾಡವೇನೂ ಆಗಲಿಲ್ಲ. ಅಡವಿಟ್ಟ ಬಳೆ ಬಿಡಿಸಲು ಎರಡು ವರ್ಷ ಹಿಡಿಯಿತು. ಆದರೆ ಒಂದು ದಿನವೂ ಒಲೆ ಆರಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆ ನಮಗೆಲ್ಲ ಗೊತ್ತು. ಅವನು ಕೊಡುವುದು ಯಾರದ್ದಾದರೂ ಕೈಯಿಂದಲೇ ಎಂದು ಮಾತ್ರ ನನಗೆ ಆಗ ಗೊತ್ತಾಯಿತು.

ಅಂದಿನಿಂದ ಆಗಮನ ಕಾಲದಲ್ಲಿ ಪ್ರತಿದಿನ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತೇನೆ. ಕ್ರಿಸ್ಮಸ್ ಹೊತ್ತಿಗೆ ಅದು ಕಷ್ಟದಲ್ಲಿರುವ ಒಂದು ಮನೆಗೆ ಹೋಗುತ್ತದೆ. ನಿಮ್ಮ ಹಬ್ಬ ಯಾವುದೇ ಇರಲಿ, ನೀವೂ ಮಾಡಿ ನೋಡಿ. ಒಂದು ಹಿಡಿಯಿಂದ ಅನ್ನ ಕಡಿಮೆಯಾಗುವುದಿಲ್ಲ.