ಮಾತಿನ ಮನೆಗೆ ಒಡೆಯರಾರು?

ನೆಲೆಗೊಂಡ ಸಂತೆಯನ್ನು ಬೇರೊಂದು ಬಯಲಿಗೆ ಸಾಗಿಸುವುದು ಸುಲಭವಲ್ಲ. ಕೊಳ್ಳುವವರಿದ್ದಲ್ಲಿಗೆ ಮಾರುವವರು ಬರುತ್ತಾರೆ, ಮಾರುವವರಿದ್ದಲ್ಲಿಗೆ ಕೊಳ್ಳುವವರು. ಹೊಸ ಬಯಲು ಎಷ್ಟೇ ವಿಶಾಲವಾಗಿರಲಿ, ಮೊದಲು ಹೋದವನಿಗೆ ಅಲ್ಲಿ ಯಾರೂ ಸಿಕ್ಕುವುದಿಲ್ಲ. ಅಂತರಜಾಲದ ಚರ್ಚಾತಾಣಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ.

2005ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ರೆಡಿಟ್’ ಇಂತಹದೊಂದು ದೊಡ್ಡ ಸಂತೆ. ಅಲ್ಲಿ ವಿಷಯಕ್ಕೊಂದರಂತೆ ಚರ್ಚಾಕೂಟಗಳಿವೆ; ಅವುಗಳ ಮೇಲ್ವಿಚಾರಕರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಹೊರಗಿನವರು ರಚಿಸಿದ ತಂತ್ರಾಂಶಗಳು ತನ್ನ ಮಾಹಿತಿಯನ್ನು ಪಡೆಯಬೇಕಾದರೆ ಶುಲ್ಕ ತೆರಬೇಕೆಂದು 2023ರಲ್ಲಿ ಆ ಸಂಸ್ಥೆಯು ಗೊತ್ತುಮಾಡಿತು. ಜೂನ್ 12ರಂದು ಸಾವಿರಾರು ಕೂಟಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದವು. ಶುಲ್ಕವು ರದ್ದಾಗಲಿಲ್ಲ, ‘ಅಪೋಲೊ’ ಮೊದಲಾದ ತಂತ್ರಾಂಶಗಳು ಆ ತಿಂಗಳ ಕೊನೆಗೆ ನಿಂತುಹೋದವು. ಮಾತು ತಮ್ಮದಾದರೂ ಮನೆ ಪರರದೆಂಬುದು ಆಗ ಅನೇಕರಿಗೆ ಮನವರಿಕೆಯಾಯಿತು.

ಬೇರೊಂದು ಮನೆಯನ್ನು ಕಟ್ಟಿದರೆ ಸಾಕೆ? ಅದಕ್ಕೂ ಒಬ್ಬನೇ ಒಡೆಯನಾದರೆ ಹಳೆಯ ಕಥೆಯೇ ಮರುಕಳಿಸೀತು. ಅನೇಕ ಮನೆಗಳನ್ನು ಒಂದೇ ನಿಯಮದಿಂದ ಬೆಸೆಯುವುದೇ ಉತ್ತಮ ಮಾರ್ಗ. 1979ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಯೋಜಿಸಿದ ‘ಯೂಸ್‌ನೆಟ್’ನಲ್ಲಿ ಸಂದೇಶಗಳು ಗಣಕದಿಂದ ಗಣಕಕ್ಕೆ ನಕಲಾಗುತ್ತಿದ್ದವು, ಕೇಂದ್ರವೆಂಬುದೇ ಇರಲಿಲ್ಲ. 2018ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ‘ಆಕ್ಟಿವಿಟಿಪಬ್’ ಎಂಬ ಸಮಾನ ನಿಯಮಾವಳಿಯನ್ನು ಅಂಗೀಕರಿಸಿತು. ಅದನ್ನು ಅನುಸರಿಸುವ ‘ಲೆಮ್ಮಿ’ ಎಂಬ ಚರ್ಚಾ ತಂತ್ರಾಂಶದ ರಚನೆಯು 2019ರಲ್ಲಿ ಆರಂಭವಾಯಿತು. ಅದನ್ನು ಯಾರು ಬೇಕಾದರೂ ತಮ್ಮ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದು.

ಇದರ ಕಾರ್ಯವಿಧಾನವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಲೆಮ್ಮಿಯ ಗಣಕವೊಂದನ್ನು ಇಟ್ಟಿರುವರೆಂದೂ, ಬಾಗೇವಾಡಿಯ ಗಣಕದಲ್ಲಿ ‘ಕೃಷಿ’ ಕೂಟವಿದೆಯೆಂದೂ ಭಾವಿಸೋಣ. ಮುದ್ದೇಬಿಹಾಳದವನೊಬ್ಬ ತೊಗರಿಯ ನೆಟೆ ರೋಗದ ಬಗ್ಗೆ ಆ ಕೂಟದಲ್ಲಿ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆಯು ಅವನ ಊರಿನ ಗಣಕದಿಂದ ಬಾಗೇವಾಡಿಗೆ ಹೋಗುತ್ತದೆ. ಅಲ್ಲಿಂದ ಕೂಟದ ಸದಸ್ಯರಿರುವ ಪ್ರತಿಯೊಂದು ಗಣಕಕ್ಕೂ ಅದರ ಪ್ರತಿ ತಲಪುತ್ತದೆ. ಇಂಡಿಯವನ ಉತ್ತರವೂ ಹೀಗೆಯೇ ಹಂಚಲ್ಪಡುತ್ತದೆ. ಅಂಚೆಯ ಕಚೇರಿಗಳು ಹಲವಾದರೂ ವಿಳಾಸದ ಕ್ರಮ ಒಂದೇ ಆಗಿರುವಂತೆ ಇದು. ನಾಳೆ ಬಾಗೇವಾಡಿಯ ಗಣಕವು ಕೆಟ್ಟುನಿಂತರೆ ಆ ಕೂಟ ಮುಂದುವರಿಯದು. ಆದರೆ ಹಂಚಿಹೋದ ಪ್ರಶ್ನೋತ್ತರಗಳ ಪ್ರತಿಗಳು ಉಳಿದ ಊರುಗಳಲ್ಲಿರುತ್ತವೆ. ಸಿಂದಗಿಯಲ್ಲಿ ಹೊಸ ಕೂಟವನ್ನು ತೆರೆದು ಅದೇ ಗೆಳೆಯರು ಚರ್ಚೆಯನ್ನು ಮುಂದುವರಿಸಬಹುದು.

ಇದಕ್ಕೆ ತೊಡಕುಗಳೂ ಉಂಟು. ಒಂದು ಊರಿನಲ್ಲಿ ಅಳಿಸಿದ ಮಾತು ಇನ್ನೊಂದರಲ್ಲಿ ಉಳಿದುಬಿಡಬಹುದು. ಗಣಕದ ಖರ್ಚನ್ನು ಯಾರಾದರೂ ಹೊರಬೇಕು. ನಿಂದೆ, ಸುಳ್ಳುಗಳನ್ನು ತೆಗೆದುಹಾಕುವ ಹೊಣೆಯೂ ಅವರದೇ. ಒಡೆತನ ಹಂಚಿಹೋದಂತೆ ದುಡಿಮೆಯೂ ಹಂಚಿಹೋಗುತ್ತದೆ.

ಬಾಗೇವಾಡಿಯ ನೆಲದವರಿಗೆ ಈ ಮಾತು ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ನೆರೆದಿದ್ದ ಶರಣರು ಕಲ್ಯಾಣದಿಂದ ಚದುರಿಹೋದರು. ಆದರೂ ಅವರ ವಚನಗಳು ಅನೇಕ ಮಠಮನೆಗಳ ತಾಡವೋಲೆಗಳಲ್ಲಿ ನಕಲಾಗಿ ಉಳಿದುವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಒಂದೇ ಭಂಡಾರದಲ್ಲಿದ್ದಿದ್ದರೆ ಅವರಿಗೆ ಸಿಕ್ಕುವುದಕ್ಕೆ ಏನು ಉಳಿಯುತ್ತಿತ್ತೋ!