ಮೆಂತ್ಯವೂ ಮಾತ್ರೆಯೂ ಊಟದ ಹೊತ್ತನ್ನು ಕೇಳುತ್ತವೆ

ಆದವಾನಿಯ ಹತ್ತಿ ಮಾರುಕಟ್ಟೆಗೆ ಹೋಗುವ ನಮ್ಮಂಥ ವ್ಯಾಪಾರಸ್ಥರ ಬೆಳಗಿನ ಉಪಾಹಾರ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ. ಈರುಳ್ಳಿ ಬಿಟ್ಟು ಮಾಡಿಸಿಕೊಂಡರೂ ಮಂಡಕ್ಕಿ ಮಂಡಕ್ಕಿಯೇ. ಬೇಗ ಅರಗಿ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಆಮೇಲೆ ಸಂಜೆಯವರೆಗೆ ಗಾದಿಯ ಮೇಲೆ ಕುಳಿತಿರುತ್ತೇವೆ.

ಸಕ್ಕರೆ ಕಾಯಿಲೆಗೆ ಮೆಂತ್ಯ ಒಳ್ಳೆಯದೆಂದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಆದರೆ ಐದು ಗಂಟೆಗೆ ಮೆಂತ್ಯ ನುಂಗಿ ಹತ್ತು ಗಂಟೆಗೆ ಒಗ್ಗಾಣಿ ತಿಂದರೆ ಹೆಚ್ಚಿನ ಫಲ ಸಿಗದು. ಮೆಂತ್ಯದ ನಾರು ನೀರಿನಲ್ಲಿ ಲೋಳೆಯಾಗಿ, ಊಟದ ಪಿಷ್ಟ ಸಕ್ಕರೆಯಾಗಿ ರಕ್ತ ಸೇರುವುದನ್ನು ನಿಧಾನಿಸುತ್ತದೆ. ಅದಕ್ಕೆ ಎರಡೂ ಹೊಟ್ಟೆಯಲ್ಲಿ ಕೂಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ, ಎರಡು ಊಟದ ಆಹಾರದಲ್ಲೇ ಬೆರೆಸಿ 10 ದಿನ ಕೊಟ್ಟರು. ರೋಗಿಗಳ ಸಕ್ಕರೆ ಇಳಿಯಿತು. ಅಷ್ಟು ಪ್ರಮಾಣ ಮನೆಯಲ್ಲಿ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ಒಂದು ಚಮಚ ಪುಡಿಯಿಂದ ಆರಂಭಿಸಿ ಊಟಕ್ಕೆ ಕಾಲು ಗಂಟೆ ಮೊದಲು ತೆಗೆದುಕೊಳ್ಳಬಹುದು, ಇಲ್ಲವೆ ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಬಹುದು. ಮಜ್ಜಿಗೆಯಲ್ಲಿ ಕದಡಿ ಕುಡಿಯಿರೆಂದು ಹೇಳುವವರುಂಟು. ಮೆಂತ್ಯ ದ್ವಿದಳ, ಹಸಿ ಮಜ್ಜಿಗೆಯೊಡನೆ ನಮಗೆ ಸಲ್ಲದು. ಬಿಸಿನೀರು ಸಾಕು. ಮೆಂತ್ಯ ಹಿಡಿದೆವೆಂದು ಮಾತ್ರೆ ಬಿಡಬಾರದು. ಎರಡೂ ಸೇರಿ ಸಕ್ಕರೆ ತೀರ ಇಳಿಯಲೂಬಹುದು, ವೈದ್ಯರಿಗೆ ತಿಳಿಸಿರಬೇಕು.

ಇನ್ನು ಮಾತ್ರೆಯ ವಿಷಯ. ಇದು ಮೆಂತ್ಯಕ್ಕಿಂತ ದೊಡ್ಡದು. ಚೀಟಿಯಲ್ಲಿ "ರಾತ್ರಿ ಊಟಕ್ಕೆ ಮೊದಲು" ಎಂದಿರುತ್ತದೆ. ಔಷಧದಂಗಡಿಯವರು ಎಂಟು ಗಂಟೆ ಎನ್ನುತ್ತಾರೆ. ಹತ್ತಿಯ ಹಂಗಾಮಿನ ಚಳಿಗಾಲದಲ್ಲಿ ಇಲ್ಲಿ ಆರಕ್ಕೆ ಮೊದಲೇ ಸೂರ್ಯಾಸ್ತ. ಐದೂವರೆಗೆ ಉಂಡು ಎಂಟಕ್ಕೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದರೆ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಮುಂದೆ ಬೆಳಗಿನವರೆಗೆ ಅನ್ನವಿಲ್ಲ. ನಡುರಾತ್ರಿ ಬೆವರು, ನಡುಕ, ತಡವರಿಸುವ ಮಾತು. ಮಲಗಿದವರಿಗೆ ತಿಳಿಯದೆಯೂ ಹೋಗಬಹುದು. ನಾವು ಸೂರ್ಯಾಸ್ತಕ್ಕೆ ಮೊದಲು ಉಣ್ಣುವವರೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಹೊತ್ತನ್ನು ಅವರಿಂದಲೇ ಬರೆಸಿಕೊಳ್ಳಬೇಕು. ಮೆಟ್‌ಫಾರ್ಮಿನ್ ಊಟದ ಜೊತೆಗೆ, ಅಕಾರ್ಬೋಸ್ ಮೊದಲ ತುತ್ತಿಗೆ: ಒಂದೊಂದಕ್ಕೆ ಒಂದೊಂದು ಕ್ರಮ.

ಪರ್ಯೂಷಣ, ದಶಲಕ್ಷಣದಲ್ಲಿ ಏಕಾಸನ, ಉಪವಾಸ ಮಾಡುವ ಹಿರಿಯರ ಮಾತ್ರೆ, ಇನ್ಸುಲಿನ್ ಎಷ್ಟು ಇಳಿಸಬೇಕೆಂಬುದನ್ನು ವ್ರತ ಹಿಡಿಯುವ ವಾರಗಳ ಮೊದಲೇ ಕೇಳಿಕೊಳ್ಳಬೇಕು; ಕೆಲವರಿಗೆ ಉಪವಾಸವೇ ಬೇಡವೆನ್ನಬಹುದು. ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲಿ. ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಮನೆಯ ಸಕ್ಕರೆ, ಪೇಡಾ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು.